ಅರ್ತಿಂಗ್ ಗುಂಡಿಗೆ ಬಂದ ಉಪ್ಪು

ನನ್ನ ಸೋದರಮಾವ ಹೋಟೆಲಿನ ಗಲ್ಲಾ ಕುರ್ಚಿಗೆ ಹೊಸ ಮೆತ್ತೆ ತಂದ ದಿನವೇ ನನಗೆ ತಿಳಿಯಬೇಕಿತ್ತು, ನನ್ನ ಟೆಲಿಫೋನ್ ವಿದ್ಯೆಯ ಮೇಲೆ ಅವರಿಗೆ ಎಷ್ಟು ನಂಬಿಕೆ ಇದೆಯೆಂದು. ಕೆಂಪು ವೆಲ್ವೆಟ್ ಬಟ್ಟೆಯ ಮೆತ್ತೆ. ಅದರೊಳಗೆ ಹತ್ತಿ ಎಷ್ಟು ತುಂಬಿಸಿದ್ದರೆಂದರೆ ಮೇಲೆ ಕೂತವನ ತಲೆ ಫ್ಯಾನಿಗೆ ತಾಗದಿದ್ದರೆ ಪುಣ್ಯ.

"ಯಾರಿಗೆ ಮಾವ ಇದು?"

"ನಿನಗೇ ಮಾರಾಯ. ಇಡೀ ದಿನ ಕೂತ್ಕೊಳ್ಳುದಲ್ವಾ? ಬೆನ್ನು ಹಿಡಿದ್ರೆ ನಿನ್ನ ಅಮ್ಮ ನನ್ನನ್ನು ಬಿಡ್ತಾಳಾ?"

"ನಾನು ಕೂತ್ಕೊಳ್ತೇನೆ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಿನ್ನ ಕೆಲಸ ನೋಡಿ ನಾನೇ ತಿಳ್ಕೊಂಡದ್ದು."

ನಾನು ಆಗ ಕಚೇರಿಗಳಿಗೆ ಟೆಲಿಫೋನ್ ಎಕ್ಸ್‌ಚೇಂಜು ಕೂರಿಸುವ ಒಂದು ಸಣ್ಣ ಕಂಪನಿಯಲ್ಲಿ ಟ್ರೈನಿ. ಎಂಬತ್ತರ ದಶಕದ ನಡುಭಾಗ. ಮದರಾಸಿನ ಆಫೀಸುಗಳೆಲ್ಲ ಹಳೆಯ ಸ್ವಿಚ್‌ಬೋರ್ಡುಗಳನ್ನು ಕಿತ್ತು ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕಿಸಿಕೊಳ್ಳುವ ಹುಮ್ಮಸ್ಸಿನಲ್ಲಿದ್ದವು. ಆ ಪೆಟ್ಟಿಗೆಗೆ ಇ.ಪಿ.ಎ.ಬಿ.ಎಕ್ಸ್. ಎಂದು ಹೆಸರು. ನಾವು ಅದರ ಹೆಸರು ಹೇಳಿ ಮುಗಿಸುವುದರೊಳಗೆ ಅದು ಒಂದು ಕಾಲ್ ಜೋಡಿಸಿ ಮುಗಿಸಿರುತ್ತದೆ.

ನನ್ನ ತರಬೇತಿಯ ಅವಧಿ ಮುಗಿಯುತ್ತ ಬಂದಿತ್ತು. ಮುಂದಿನ ಕೆಲಸ ಸರಿಯಾಗಿ ಮುಗಿಸಿದರೆ ನೌಕರಿ ಖಾಯಂ. ಕೆಡಿಸಿದರೆ ತ್ರಿಪ್ಲಿಕೇನಿನಲ್ಲಿ ಮಾವನ ಹೋಟೆಲಿನ ಗಲ್ಲಾ. ಇದು ಅಮ್ಮನೂ ಮಾವನೂ ಸೇರಿ ಮಾಡಿದ ತೀರ್ಮಾನ. ಗಲ್ಲಾದ ಮೇಲೆ ನನಗೆ ಗೌರವವಿಲ್ಲವೆಂದಲ್ಲ. ಘಟ್ಟದ ಕೆಳಗಿನಿಂದ ಬಂದ ನಮ್ಮವರು ಈ ಊರಿಗೆ ಕಾಫಿ ಕುಡಿಸಿದ್ದು ಅಲ್ಲಿ ಕೂತೇ. ಆದರೆ ನನ್ನನ್ನು ಒಂದು ಮಧ್ಯಾಹ್ನ ಅಲ್ಲಿ ಕೂರಿಸಿದ್ದಾಗ ಒಬ್ಬ ಗಿರಾಕಿಗೆ ಚಿಲ್ಲರೆ ಕೊಡುವ ಬದಲು ಸೋಂಪಿನ ತಟ್ಟೆಯನ್ನೇ ಕೊಟ್ಟು ಕಳಿಸಿದ್ದೆ. ಆತ ಒಳ್ಳೆಯವನು, ತಟ್ಟೆಯನ್ನು ಮಾರನೆಯ ದಿನ ವಾಪಸು ತಂದುಕೊಟ್ಟ. ಸೋಂಪು ಖಾಲಿಯಾಗಿತ್ತು.

ನನ್ನ ಗ್ರಹಚಾರಕ್ಕೆ ಆ ಮುಂದಿನ ಕೆಲಸ ಬಂದದ್ದು ಅದೇ ಕಟ್ಟಡದಲ್ಲಿ. ಕೆಳಗೆ ಮಾವನ ಹೋಟೆಲು, ಮೇಲೆ ಒಂದು ಪಾರ್ಸೆಲ್ ಲಾರಿ ಕಂಪನಿಯ ಹೆಡ್ ಆಫೀಸು. "ನಿಮ್ಮ ಮಾವನ ಜಾಗ, ಊಟದ ಚಿಂತೆ ಇಲ್ಲ" ಎಂದು ನಮ್ಮ ಸೀನಿಯರ್ ಎಂಜಿನಿಯರ್ ನನ್ನನ್ನೇ ಕಳಿಸಿದರು. ಅವರು ತಮಿಳಿನವರು. ಖುಷಿಯಲ್ಲಿದ್ದರೆ ತಮಿಳು ಮಾತಾಡುತ್ತಿದ್ದರು, ಬೈಯುವುದಿದ್ದರೆ ಇಂಗ್ಲಿಷು. ನನ್ನ ಇಂಗ್ಲಿಷು ಸುಧಾರಿಸಿದ್ದು ಅವರಿಂದಲೇ.

ಮೇಲಿನ ಆಫೀಸಿನಲ್ಲಿ ಎರಡು ಕೆಲಸ. ಒಂದು, ಹಳೆಯ ಸ್ವಿಚ್‌ಬೋರ್ಡು ತೆಗೆದು ಹೊಸ ಎಕ್ಸ್‌ಚೇಂಜು ಕೂರಿಸುವುದು. ಇನ್ನೊಂದು, ವಿಮಾನ ನಿಲ್ದಾಣದ ಹತ್ತಿರ ಪಲ್ಲಾವರಂನಲ್ಲಿದ್ದ ಅವರ ಗೋಡೌನಿಗೆ ಡೇಟಾ ಲೈನು ಕೊಡುವುದು. ಯಾವ ಪಾರ್ಸೆಲು ಯಾವ ಲಾರಿಗೆ ಎಂದು ಇಲ್ಲಿ ಟೈಪು ಮಾಡಿದರೆ ಅಲ್ಲಿ ಕಾಗದದ ಮೇಲೆ ಅಚ್ಚಾಗಿ ಬೀಳಬೇಕು. ಅದಕ್ಕೆ ಎರಡೂ ಕಡೆ ಒಂದೊಂದು ಮೋಡೆಮ್. ಈ ಕಡೆಯದು ಅಕ್ಷರಗಳನ್ನು ಶಿಳ್ಳೆಯನ್ನಾಗಿ ಮಾಡಿ ಟೆಲಿಫೋನ್ ತಂತಿಯಲ್ಲಿ ಕಳಿಸುತ್ತದೆ, ಆ ಕಡೆಯದು ಶಿಳ್ಳೆಯನ್ನು ಮತ್ತೆ ಅಕ್ಷರವಾಗಿಸುತ್ತದೆ. ನಡುವೆ ಬೇರೆ ಸದ್ದು ಸೇರಬಾರದು. ಸೇರಿದರೆ ಆ ಸದ್ದನ್ನೂ ಅದು ಅಕ್ಷರ ಎಂದುಕೊಂಡು ಅಚ್ಚು ಹಾಕುತ್ತದೆ.

ಹಳೆಯ ಬೋರ್ಡಿನ ಮುಂದೆ ಕೂರುತ್ತಿದ್ದವರು ಒಬ್ಬ ಆಪರೇಟರ್ ಅಕ್ಕ. ಅವರ ಮನೆಯವರು ತಲೆಮಾರುಗಳಿಂದ ತ್ರಿಪ್ಲಿಕೇನಿನಲ್ಲೇ ಇದ್ದ ಕನ್ನಡದವರು. ಮಾತಿನಲ್ಲಿ ತಮಿಳು ಎಷ್ಟು ಬೆರೆತಿತ್ತೆಂದರೆ ಕನ್ನಡ ಎಲ್ಲಿ ಮುಗಿಯಿತೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಹೊಸ ಎಕ್ಸ್‌ಚೇಂಜು ಬಂದರೂ ಹೊರಗಿನ ಕಾಲ್‌ಗಳನ್ನು ತೆಗೆದುಕೊಂಡು ಒಳಗೆ ಕೊಡುವುದು ಅವರೇ. ಹಾಗಾಗಿ ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನೇ ಏನ್ ತಂಬಿ ಎಂಜಿನಿಯರು? ದೊಡ್ಡವ್ರು ಯಾರೂ ಬರಲ್ವಾ?"

"ಬರ್ತಾರೆ ಅಕ್ಕ, ನಾನು ಹಾಳು ಮಾಡಿದ ಮೇಲೆ."

ಕೇಬಲ್ ಎಳೆಯುವುದು, ಪ್ರತಿ ಮೇಜಿಗೆ ಒಂದು ಜೊತೆ ತಂತಿ ಮುಟ್ಟಿಸುವುದು, ಎಲ್ಲ ತಂತಿಗಳೂ ಬಂದು ಸೇರುವ ಕಬ್ಬಿಣದ ಚೌಕಟ್ಟಿನಲ್ಲಿ ಅವುಗಳನ್ನು ಬಣ್ಣದ ಕ್ರಮದಲ್ಲಿ ಕೂರಿಸುವುದು, ಇವೆಲ್ಲ ನನಗೆ ಇಷ್ಟದ ಕೆಲಸ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಎಂದು ಮಂತ್ರದ ಹಾಗೆ ಹೇಳಿಕೊಳ್ಳುತ್ತ ಕಟ್ಟಬೇಕು. ಮೊದಲ ದಿನ ಟ್ಯೂಬ್‌ಲೈಟಿನ ಕೆಳಗೆ ಬೂದು ಯಾವುದು ಬಿಳಿ ಯಾವುದು ಎಂದು ತಿಳಿಯದೆ ಕಟ್ಟಿದ್ದರಿಂದ ಮ್ಯಾನೇಜರಿಗೆ ಬಂದ ಕಾಲ್‌ಗಳೆಲ್ಲ ವಾಚ್‌ಮನ್‌ಗೆ ಹೋದವು. ವಾಚ್‌ಮನ್ ಗಂಭೀರವಾಗಿ ಉತ್ತರ ಕೊಟ್ಟ. ಯಾರೂ ದೂರು ಕೊಡಲಿಲ್ಲ.

ಎರಡನೆಯ ಸಾಹಸ ತಂತಿಯ ಸಿಪ್ಪೆಯನ್ನು ಹಲ್ಲಿನಿಂದ ಸುಲಿದದ್ದು. ಅದಕ್ಕೆಂದೇ ಕೊಟ್ಟಿದ್ದ ಇಕ್ಕಳ ಜೇಬಿನಲ್ಲಿತ್ತು, ಆದರೆ ಹಲ್ಲು ಹತ್ತಿರ ಇತ್ತು. ನಾನು ಕಚ್ಚಿದ ಹೊತ್ತಿಗೇ ಆ ಲೈನಿಗೆ ಯಾರೋ ಫೋನು ಮಾಡಿದರು. ಟೆಲಿಫೋನಿನ ಗಂಟೆ ಹೊಡೆಸಲು ಬರುವ ಕರೆಂಟು ಮನುಷ್ಯನನ್ನು ಕೊಲ್ಲುವುದಿಲ್ಲ, ಅವಮಾನ ಮಾಡುತ್ತದೆ. ನಾನು ಏಣಿಯಿಂದ ಇಳಿಯಲಿಲ್ಲ, ಉದುರಿದೆ.

"ಯಾರ್ ಫೋನ್ ತಂಬಿ?" ಅಕ್ಕ ಕೇಳಿದರು.

"ನಿಮ್ಮ ಅಕೌಂಟೆಂಟಿಗೆ. ನನ್ನ ದವಡೆಗೆ ಬಂತು."

ಇನ್ನು ಅರ್ತಿಂಗ್. ಎಕ್ಸ್‌ಚೇಂಜಿನ ಬ್ಯಾಟರಿಯ ಒಂದು ತುದಿಯನ್ನು ದಪ್ಪ ತಾಮ್ರದ ಪಟ್ಟಿಯಲ್ಲಿ ನೆಲಕ್ಕೆ ಇಳಿಸಬೇಕು. ಆಳದ ಗುಂಡಿ ತೋಡಿ, ನಡುವೆ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು ಎಂದು ತುಂಬಿಸಿ ನೀರು ಹಾಕಬೇಕು. ಒಳಗೆ ತೇವ ನಿಂತರೆ ಬೇಡದ ಕರೆಂಟೆಲ್ಲ ಸುಮ್ಮನೆ ಭೂಮಿಗೆ ಹೋಗುತ್ತದೆ. ಒಣಗಿದರೆ ಅದು ಹೋಗಲು ದಾರಿಯಿಲ್ಲದೆ ಲೈನಿನೊಳಗೆ ಕೂತು ಗೊಣಗುತ್ತದೆ.

ಗುಂಡಿಗೆ ಜಾಗ ಇದ್ದದ್ದು ಹೋಟೆಲಿನ ಹಿತ್ತಲಿನಲ್ಲಿ ಮಾತ್ರ. ಕೂಲಿಯವರು ತೋಡಿದರು. ಉಪ್ಪಿನ ಮೂಟೆ, ಇದ್ದಿಲಿನ ಮೂಟೆ ಹಿಂಬಾಗಿಲಿಗೆ ಬಂದವು. ಆಗ ನಾನು ಮೇಲೆ ವಾಚ್‌ಮನ್‌ನಿಂದ ಮ್ಯಾನೇಜರ್‌ಗಿರಿಯನ್ನು ಬಿಡಿಸಿಕೊಳ್ಳುತ್ತಿದ್ದೆ. ಕಿಟಕಿಯಿಂದ ಬಗ್ಗಿ ಅಡಿಗೆ ಭಟ್ಟರಿಗೆ ಕೂಗಿದೆ:

"ಭಟ್ರೇ, ಆ ಮೂಟೆ ಬಂದದ್ದು ನೋಡಿ ಹಾಕಿಸಿ!"

"ಹಾಕಿಸ್ತೇನೆ ಮಾಣಿ, ನೀನು ಎಂತ ತಲೆಬಿಸಿ ಮಾಡ್ಬೇಡ!"

ಸಂಜೆ ಇಳಿದು ಬಂದು ನೋಡಿದರೆ ಗುಂಡಿ ತುಂಬಿತ್ತು. ಮೇಲ್ಗಡೆ ಕಪ್ಪಗೆ ಕಂಡಿತು. ಫಸ್ಟ್ ಕ್ಲಾಸ್ ಎಂದುಕೊಂಡೆ. ಕೊಡಗಟ್ಟಲೆ ನೀರು ಹುಯ್ಯಿಸಿ, ಕೆಸರು ಆರುವ ಮೊದಲೇ ಮೀಟರು ಹಚ್ಚಿದೆ. ಮುಳ್ಳು ವಿಧೇಯ ವಿದ್ಯಾರ್ಥಿಯ ಹಾಗೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು.

"ಅರ್ತ್ ರೀಡಿಂಗ್ ಎಪ್ಪಡಿ ಇರುಕ್ಕು?" ರೀಡಿಂಗ್ ಹೇಗಿದೆಯೆಂದು ಸೀನಿಯರ್ ಫೋನಿನಲ್ಲಿ ಕೇಳಿದರು. ತಮಿಳಿನಲ್ಲಿ, ಎಂದರೆ ಖುಷಿಯಲ್ಲಿ.

"ಸೂಪರ್ ಸರ್" ಎಂದೆ.

ಹಳೆಯ ಬೋರ್ಡಿನಿಂದ ಹೊಸ ಎಕ್ಸ್‌ಚೇಂಜಿಗೆ ಲೈನು ಬದಲಾಯಿಸಿದೆವು. ಗಂಟೆಗಳು ಮೊಳಗಬೇಕಾದಲ್ಲಿ ಮೊಳಗಿದವು. ಪಲ್ಲಾವರಂನ ಕಾಗದದ ಮೇಲೆ ಊರುಗಳ ಹೆಸರು ಮುತ್ತು ಪೋಣಿಸಿದ ಹಾಗೆ ಬಿದ್ದವು. ನಾನು ಕೆಳಗೆ ಹೋಗಿ ಆ ಕೆಂಪು ಮೆತ್ತೆಯನ್ನು ನೋಡಿ ಕನಿಕರದಿಂದ ನಕ್ಕೆ.

ಕೆಲವು ದಿನ ಕಳೆದ ಮೇಲೆ ನಗುವ ಸರದಿ ಮೆತ್ತೆಯದಾಯಿತು.

"ತಂಬಿ, ನಿನ್ ಪೆಟ್ಟಿ ಗೊರಕೆ ಹೊಡೀತಿದೆ ಪಾ" ಎಂದರು ಅಕ್ಕ. ರಿಸೀವರ್ ಕಿವಿಗಿಟ್ಟುಕೊಂಡರೆ ಹೌದು, ಒಳಗೆ ಯಾರೋ ಹೊಟ್ಟೆ ತುಂಬ ಊಟ ಮಾಡಿ ಮಲಗಿದ ಹಾಗೆ ಸದ್ದು. ಅದರ ಹಿಂದೆಯೇ ಪಲ್ಲಾವರಂನಿಂದ ಗೋಡೌನ್ ಗುಮಾಸ್ತರ ಫೋನು. ಈರೋಡಿಗೆ ಹೋಗಬೇಕಾದ ಪೆಟ್ಟಿಗೆಗಳ ಎದುರು ಊರಿನ ಹೆಸರಿನ ಬದಲು ನಕ್ಷತ್ರ, ಬಾಣ, ಪ್ರಶ್ನೆ ಚಿಹ್ನೆಗಳು. ಲಾರಿ ನಿಂತಿದೆ, ಡ್ರೈವರ್ ಯಾವ ಕಡೆಗೆ ಎಂದು ಕೇಳುತ್ತಿದ್ದಾನೆ, ಕಾಗದ ತಿರುಗಿ ಅವನನ್ನೇ ಕೇಳುತ್ತಿದೆ.

ಮ್ಯಾನೇಜರ್ ನನ್ನನ್ನು ಕರೆದು, ಜೋರು ಮಾಡದೆ, ನಿಧಾನವಾಗಿ ಹೇಳಿದರು. ಮುಂದಿನ ವಾರ ಮುದಲಾಳಿ, ಎಂದರೆ ಕಂಪನಿಯ ಯಜಮಾನರು, ಬಂದು ಎಕ್ಸ್‌ಚೇಂಜನ್ನು ಉದ್ಘಾಟಿಸುತ್ತಾರೆ, ಅವರೆದುರಿಗೇ ಪಲ್ಲಾವರಂ ಲೈನಿನ ಪರೀಕ್ಷೆ. ಆವತ್ತು ಸರಿಯಾಗಿ ಬರದಿದ್ದರೆ ಪೆಟ್ಟಿಗೆ ತೆಗೆದುಕೊಂಡು ಹೋಗಿ, ಹಳೆಯ ಬೋರ್ಡು ಇನ್ನೂ ಉಗ್ರಾಣದಲ್ಲೇ ಇದೆ. ಪೆಟ್ಟಿಗೆ ವಾಪಸು ಹೋದರೆ ಅದರ ಹಿಂದೆಯೇ ನಾನೂ ಇಳಿಯಬೇಕು, ಒಂದೇ ಮಹಡಿ ಕೆಳಕ್ಕೆ, ಮೆತ್ತೆಯ ಮೇಲಕ್ಕೆ.

ನಾನು ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಮೋಡೆಮ್ ಬದಲಾಯಿಸಿದೆ. ಪೆಟ್ಟಿಗೆಯೊಳಗಿನ ಕಾರ್ಡುಗಳನ್ನು ಕಿತ್ತು ಒರೆಸಿ ಮತ್ತೆ ಕೂರಿಸಿದೆ. ಆಮೇಲೆ ನಮ್ಮ ವೃತ್ತಿಯ ಸಂಪ್ರದಾಯದಂತೆ ತಪ್ಪು ಟೆಲಿಫೋನ್ ಇಲಾಖೆಯ ಲೈನಿನದ್ದು ಎಂದೆ. ಇಲಾಖೆಯ ಲೈನ್‌ಮನ್ ಬಂದು ಪರೀಕ್ಷೆ ಮಾಡಿ, ಅದೇ ಸಂಪ್ರದಾಯದಂತೆ ತಪ್ಪು ನಿಮ್ಮ ಪೆಟ್ಟಿಗೆಯದ್ದು ಎಂದು ಹೇಳಿ, ಕೆಳಗೆ ಕಾಫಿ ಕುಡಿದು ಹೋದರು.

ಕೊನೆಗೆ ಎಲೆಕ್ಟ್ರಿಕ್ ಟ್ರೈನು ಹತ್ತಿ ಪಲ್ಲಾವರಂಗೇ ಹೋದೆ. ಬೆಳಗ್ಗೆ ಹೋದಾಗ ಲೈನು ಗಂಗಾಜಲದಷ್ಟು ಶುದ್ಧ. ನನ್ನ ಮುಖ ನೋಡಿಯೇ ಹೆದರಿ ಸರಿಯಾಯಿತೆಂದು ಗುಮಾಸ್ತರಿಗೆ ಹೇಳಿದೆ. ಆವತ್ತು ಅಲ್ಲಿ ವಾರದ ಸಂತೆ. ಸಂತೆ ಸುತ್ತಿ, ಹಳೆಯ ಸಾಮಾನಿನ ರಾಶಿಯಲ್ಲಿ ನನಗೆ ಬೇಡವೇ ಬೇಡದ ಒಂದು ಟೆಲಿಫೋನ್ ಡಯಲ್ ಕೊಂಡು, ಊಟ ಮುಗಿಸಿ ಬರುವಷ್ಟರಲ್ಲಿ ಯಂತ್ರ ಮತ್ತೆ ನಕ್ಷತ್ರ, ಬಾಣಗಳನ್ನು ಉದುರಿಸುತ್ತಿತ್ತು.

"ದಿನಾ ಸಾಪ್ಪಾಟುಕ್ಕು ಅಪ್ಪುರಂದಾನ್ ಸಾರ್ ಇಪ್ಪಡಿ" ಎಂದರು ಗುಮಾಸ್ತರು. ದಿನಾ ಊಟದ ನಂತರವೇ ಹೀಗಂತೆ. ಇದನ್ನು ಮೊದಲೇ ಏಕೆ ಹೇಳಲಿಲ್ಲವೆಂದರೆ, ನೀವು ಕೇಳಲಿಲ್ಲವಲ್ಲ ಎಂದರು. ನ್ಯಾಯವಾದ ಮಾತು.

ಮಾರನೆಯ ಮಧ್ಯಾಹ್ನ ಪರೀಕ್ಷೆಯ ರಿಸೀವರನ್ನು ಲೈನಿಗೆ ಸಿಕ್ಕಿಸಿ ಕಣ್ಣು ಮುಚ್ಚಿ ಕೂತೆ. ಸದ್ದು ಬಂತು. ಬರಿಯ ಗೊರಕೆಯಲ್ಲ, ಅದಕ್ಕೊಂದು ತಾಳ ಇತ್ತು. ಗೊರ್ರ್... ಗಡಕ್. ಗೊರ್ರ್... ಗಡಕ್. ಏನೂ ಹೊಳೆಯಲಿಲ್ಲ. ಏನೂ ಹೊಳೆಯದಾಗ ನಾನು ಮಾಡುವ ಕೆಲಸ ಒಂದೇ, ಕಾಫಿ ಕುಡಿಯುವುದು. ಕೆಳಗಿಳಿದು ಅಡಿಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತೆ. ಒಳಗೆ ಮಾರನೆಯ ದಿನದ ಇಡ್ಲಿಗೆ ಹಿಟ್ಟು ರುಬ್ಬುತ್ತಿದ್ದ ದೊಡ್ಡ ವೆಟ್ ಗ್ರೈಂಡರು ಹೇಳಿತು:

ಗೊರ್ರ್... ಗಡಕ್. ಗೊರ್ರ್... ಗಡಕ್.

ಕಾಫಿಯನ್ನು ನನ್ನ ಅಂಗಿ ಕುಡಿಯಿತು.

ಖಚಿತ ಮಾಡಿಕೊಳ್ಳಬೇಕಿತ್ತು. ಅಡಿಗೆಮನೆಗೆ ಫೋನಿಲ್ಲ. ಅದಕ್ಕೆ ಆಪರೇಟರ್ ಅಕ್ಕನಿಗೆ ರಿಸೀವರ್ ಕಿವಿಗಿಟ್ಟುಕೊಂಡು ಕೂರಲು ಹೇಳಿದೆ. ಸದ್ದು ಇದ್ದರೆ ನೆಲಕ್ಕೆ ಒಂದು ಏಟು, ನಿಂತರೆ ಎರಡು ಏಟು. ಕೆಳಗೆ ನಾನು ಭಟ್ಟರಿಗೆ ಹೇಳಿದೆ, "ನಿಲ್ಲಿಸಿ." ಮೇಲಿಂದ ಧಡ್ ಧಡ್. "ಹಾಕಿ." ಧಡ್. "ನಿಲ್ಲಿಸಿ." ಧಡ್ ಧಡ್. ಅಕ್ಕ ಇದಕ್ಕೆ ಏನು ಬಳಸುತ್ತಿದ್ದರೋ, ಮಾಡಿನ ಸುಣ್ಣ ಉದುರಿ ಸಾಂಬಾರಿಗೆ ಬಿತ್ತು. ಮಾವ ಗಲ್ಲಾದಿಂದ ಎದ್ದು ಬಂದರು.

"ಎಂತ ಮಾರಾಯ ಇದು? ಮೇಲೆ ಯಕ್ಷಗಾನ ಉಂಟಾ?"

ನಾನು ಗ್ರೈಂಡರಿನ ಹಿಂದೆ ಬಗ್ಗಿದೆ. ಅದರ ಮೋಟಾರಿನಿಂದ ಒಂದು ಹಸಿರು ತಂತಿ ಹೊರಟಿತ್ತು. ಗೋಡೆಯ ಗುಂಟ ಹಿತ್ತಲಿಗೆ ಹೋಗಿ, ನನ್ನ ಅರ್ತಿಂಗ್ ಪೈಪಿಗೆ ಚೆನ್ನಾಗಿ, ನನಗಿಂತಲೂ ಚೆನ್ನಾಗಿ, ಸುತ್ತಿಕೊಂಡಿತ್ತು.

"ಇದನ್ನು ಯಾರು ಕಟ್ಟಿದ್ದು?"

"ನಾನೇ ಹೇಳಿ ಕಟ್ಟಿಸಿದ್ದು" ಎಂದರು ಮಾವ, ಹೆಮ್ಮೆಯಿಂದ. "ಭಟ್ರಿಗೆ ಗ್ರೈಂಡರ್ ಮುಟ್ಟಿದ್ರೆ ಜುಂ ಅಂತ ಹೊಡೀತಿತ್ತು. ನಮ್ಮ ಮಾಣಿಯೇ ಅಷ್ಟು ಚಂದದ ಅರ್ತಿಂಗ್ ಮಾಡಿದ್ದಾನೆ, ಮನೆಯದ್ದು ಇರುವಾಗ ನಾವು ಬೇರೆ ಯಾಕೆ ಮಾಡುದು? ನೀನು ಬಾವಿ ತೋಡಿದ್ರೆ ನಾನು ನೀರು ಸೇದ್ಲಿಕ್ಕಿಲ್ವಾ?"

ಮೋಟಾರಿನಿಂದ ಸೋರುತ್ತಿದ್ದ ಕರೆಂಟು ಆ ತಂತಿಯಲ್ಲಿ ಬಂದು ನನ್ನ ಎಕ್ಸ್‌ಚೇಂಜಿನೊಳಗೆ ಗೊರಕೆ ಹೊಡೆಯುತ್ತಿತ್ತು. ಗ್ರೈಂಡರನ್ನು ಮತ್ತೆ ಹಾಕಿಸಿದೆ, ಧಡ್. ತಂತಿ ಬಿಚ್ಚಿದೆ. ಮೇಲಿಂದ ಧಡ್ ಧಡ್. ವಿಜಯದ ನಗೆಯೊಂದಿಗೆ ಎದ್ದು ನಿಂತೆ. ಭಟ್ಟರು ಹಿಟ್ಟು ನೋಡಲು ಗ್ರೈಂಡರಿಗೆ ಕೈ ಹಾಕಿ "ಅಯ್ಯಯ್ಯೋ!" ಎಂದು ಹಾರಿದರು. ಹಾರಿದವರು ಹಿಟ್ಟಿನ ಕೈಯಲ್ಲೇ ಹೆಗಲ ಟವಲು ಸರಿಮಾಡಿಕೊಂಡು ಘೋಷಿಸಿದರು:

"ಆ ತಂತಿ ಇಲ್ಲದೆ ನಾನಿದನ್ನು ಮುಟ್ಟುದಿಲ್ಲ. ನಾಳೆ ಇಡ್ಲಿ ಇಲ್ಲ ಅಂತ ಬೋರ್ಡ್ ಹಾಕಿ."

ತ್ರಿಪ್ಲಿಕೇನಿನ ಲಾಡ್ಜುಗಳ ಅಷ್ಟೂ ಬ್ರಹ್ಮಚಾರಿಗಳು ಬೆಳಗ್ಗೆ ಈ ಇಡ್ಲಿಯನ್ನು ನಂಬಿ ಏಳುವವರು. ತಂತಿಯನ್ನು ಮತ್ತೆ ಕಟ್ಟಿದೆ.

ಆದರೂ ಒಂದು ಮಾತು ಕೊರೆಯುತ್ತಿತ್ತು. ನಮ್ಮ ಗುಂಡಿ ಸರಿಯಾಗಿದ್ದಿದ್ದರೆ ಒಂದು ಗ್ರೈಂಡರಿನ ಸೋರಿಕೆಗೆ ಇಷ್ಟು ಗಲಾಟೆ ಆಗಬಾರದು. ಮೀಟರು ತಂದು ಮತ್ತೆ ಹಚ್ಚಿದೆ. ಆವತ್ತು ಅಷ್ಟು ವಿಧೇಯವಾಗಿದ್ದ ಮುಳ್ಳು ಈಗ ಆ ಕಡೆಯ ಗೋಡೆಗೆ ಹೋಗಿ ಹಣೆ ಚಚ್ಚಿಕೊಂಡಿತು. ಹಾರೆ ತಂದು ಗುಂಡಿಯ ಮೇಲ್ಭಾಗ ಅಗೆದೆ. ಬಾಯ್ಲರಿನ ಬೂದಿ. ಅದರ ಕೆಳಗೆ ಒಡೆದ ಹಂಚು. ಅದರ ಕೆಳಗೆ ತೆಂಗಿನ ಸಿಪ್ಪೆ, ಮತ್ತೆ ಬೂದಿ, ಒಂದು ಸೊಟ್ಟ ಲೋಟ. ಉಪ್ಪಿನ ಒಂದು ಹರಳೂ ಇಲ್ಲ.

"ಭಟ್ರೇ, ಆ ಮೂಟೆ ಎಲ್ಲಿ ಹಾಕಿಸಿದ್ರಿ?"

"ಎಲ್ಲಿ ಹಾಕುದು ಮಾಣಿ, ಹಾಕುವಲ್ಲಿಗೇ ಹಾಕಿದ್ದು. ಊರಿಂದ ಮಾವಿನ ಮಿಡಿ ಬಂದಿತ್ತು, ಉಪ್ಪಿಗೆ ಕಾಯ್ತಾ ಇದ್ದೆ. ಒಳ್ಳೇ ಹೊತ್ತಿಗೆ ಬಂತು. ಇದ್ದಿಲು ಬಾಯ್ಲರಿಗಾಯ್ತು."

"ಗುಂಡಿಗೆ?"

"ಗುಂಡಿ ತುಂಬಿಸ್ಲಿಕ್ಕೆ ಯಾರಾದ್ರೂ ಹೊಸ ಉಪ್ಪು ಹಾಕ್ತಾರಾ? ನಿನಗೆ ಖರ್ಚು ಬೇಡ ಅಂತ ಬೂದಿ ಕೊಟ್ಟೆ."

ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಹಿಂಬಾಗಿಲಿಗೆ ಮೂಟೆಯಲ್ಲಿ ಬಂದದ್ದು ಅಡಿಗೆಮನೆಯದ್ದು. ಆ ಹೋಟೆಲು ಶುರುವಾದಾಗಿನಿಂದ ಇದೇ ಕಾನೂನು. ಇಣುಕಿ ನೋಡಿ ಬೂದಿಯನ್ನು ಇದ್ದಿಲು ಎಂದುಕೊಂಡ ಮಹಾಶಯ ನಾನು. ನನ್ನ ಎಕ್ಸ್‌ಚೇಂಜಿನ ಆಧಾರಸ್ತಂಭ ಆಗ ಭರಣಿಗಳಲ್ಲಿ ಮಾವಿನ ಮಿಡಿಯ ಜೊತೆ ನೀರು ಬಿಟ್ಟುಕೊಳ್ಳುತ್ತಿತ್ತು.

ಮಾವ ಎಲ್ಲವನ್ನೂ ಕೇಳಿಸಿಕೊಂಡರು. ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಹೇಳಿದರು:

"ಒಂದು ಕೆಲಸ ಮಾಡುವ. ನಿನ್ನ ದೊಡ್ಡವರು ಬರುವ ದಿನ ಹಿಟ್ಟು ಬೆಳಗ್ಗೆಯೇ ರುಬ್ಬಿಸ್ತೇನೆ. ಮಧ್ಯಾಹ್ನ ಗ್ರೈಂಡರ್ ಬಂದ್. ಯಾರಿಗೆ ಗೊತ್ತಾಗ್ತದೆ? ನೀನು ಪಾಸ್."

ಮೆತ್ತೆ ತಂದವರೇ ಮೆತ್ತೆಯನ್ನು ಬಿಟ್ಟುಕೊಡುತ್ತಿದ್ದರು. ಯೋಚನೆ ಬಹಳ ಚೆನ್ನಾಗಿದೆ ಎಂದು ನನಗೆ ಅನ್ನಿಸಿತು. ಗುಂಡಿಯನ್ನು ಮತ್ತೆ ತೋಡುವುದೆಂದರೆ ಸೀನಿಯರ್‌ಗೆ ಹೇಳಬೇಕು, ಹೇಳಿದರೆ ಇಂಗ್ಲಿಷು ಬರುತ್ತದೆ, ಬಂದರೆ ಖಾಯಮಾತಿ ಹೋಗುತ್ತದೆ. ಆಗಲಿ ಎನ್ನುವ ಮನಸ್ಸಿನಲ್ಲೇ ಮೇಲೆ ಹತ್ತಿದೆ. ಆಪರೇಟರ್ ಅಕ್ಕ ರಿಸೀವರನ್ನು ಕಿವಿಯಿಂದ ದೂರ ಹಿಡಿದು ಯಾರಿಗೋ ಕೂಗಿ ಮಾತಾಡುತ್ತಿದ್ದರು. ಮುಗಿಸಿ ಕಿವಿ ಉಜ್ಜಿಕೊಂಡರು.

"ಏನಾಯ್ತು ತಂಬಿ, ಕಂಡುಹಿಡಿದ್ಯಾ?"

ಗ್ರೈಂಡರಿನ ಕಥೆ ಹೇಳಿದೆ. ಮಾವನ ಉಪಾಯವನ್ನೂ ಹೇಳಿದೆ, ನಗಲಿ ಎಂದು. ಅವರು ನಗಲಿಲ್ಲ.

"ಶರಿ. ನಿನ್ ಉದ್ಘಾಟನೆ ಒಂದ್ ದಿನ. ಮಾಲೆ ಹಾಕಿಸ್ಕೊಂಡು ನೀ ಹೋಗ್ತೀ. ಅಪ್ಪುರಂ ದಿನಾ ಮಧ್ಯಾಹ್ನ ಈ ಗ್ರೈಂಡರನ್ನ ಕಿವೀಲಿಟ್ಕೊಂಡು ಕೂತ್ಕೊಳ್ಳೋದು ಯಾರು? ನಾನ್ ತಾನೇ?"

ನಾನು ಅದೇ ಗೊರಕೆಯ ಲೈನಿನಲ್ಲಿ ಸೀನಿಯರ್‌ಗೆ ಫೋನು ಮಾಡಿದೆ.

ಅವರು ಪೂರ್ತಿ ಕೇಳಿಸಿಕೊಂಡರು. "ಉಪ್ಪು ಎಂಗೇ?" ಎಂದರು.

"ಉಪ್ಪಿನಕಾಯಿಯಲ್ಲಿ ಸರ್."

ಬಹಳ ಹೊತ್ತು ಗೊರ್ರ್ ಗಡಕ್ ಮಾತ್ರ ಕೇಳಿಸಿತು. ಕೊನೆಗೆ ಇಂಗ್ಲಿಷಿನಲ್ಲಿ ಒಂದೇ ಪದ ಬಂತು: "ಡಿಗ್."

ತೋಡಿದೆವು. ಈ ಸಲ ಎರಡು ಗುಂಡಿ, ಒಂದಕ್ಕೊಂದು ದೂರದಲ್ಲಿ. ಒಂದು ಎಕ್ಸ್‌ಚೇಂಜಿಗೆ, ಇನ್ನೊಂದು ಗ್ರೈಂಡರಿಗೆ. ಗ್ರೈಂಡರಿನ ಮೋಟಾರನ್ನೂ ಬಿಚ್ಚಿಸಿದೆವು. ಒಳಗೆ ತಂತಿಗಳು ಸೇರುವ ಜಾಗದಲ್ಲಿ ಎಷ್ಟೋ ಕಾಲದ ಹಿಟ್ಟು ಒಣಗಿ ಕೂತಿತ್ತು. ಅದನ್ನು ಕೆರೆದು, ಒಣಗಿಸಿ, ಹೊಸ ತಂತಿ ಹಾಕಿಸಿ ಮುಚ್ಚಿದೆವು. ಉಪ್ಪನ್ನು ಮಾವನೇ ಅಂಗಡಿಯಿಂದ ತರಿಸಿದರು. ತರಿಸಿ, ಗಲ್ಲಾ ಬಿಟ್ಟು, ಹಿತ್ತಲಲ್ಲಿ ಮೂಟೆಯ ಮೇಲೆಯೇ ಕೂತರು.

"ನೀವು ಒಳಗೆ ಹೋಗಿ ಮಾವ, ನಾನು ನೋಡ್ಕೊಳ್ತೇನೆ."

"ನೀನು ನೋಡಿದ್ದು ಸಾಕು. ಭಟ್ರ ಹತ್ರ ಇನ್ನೂ ಒಂದು ಬುಟ್ಟಿ ಮಿಡಿ ಉಂಟು."

ಈ ಸಲ ಪ್ರತಿ ಪದರವನ್ನೂ ಗುಂಡಿಯೊಳಗೆ ಇಳಿದು ನಾನೇ ಕೈಯಾರೆ ಹರಡಿದೆ. ಕೊನೆಗೆ ಉಪ್ಪು ಯಾವುದು, ಇದ್ದಿಲು ಯಾವುದು, ನಾನು ಯಾವುದು ಎಂದು ತಿಳಿಯದ ಹಾಗಿದ್ದೆ. ನೀರಿನದ್ದೇ ಕಷ್ಟ. ಬೇಸಿಗೆಯ ಮದರಾಸಿನಲ್ಲಿ ಲಾರಿಯಲ್ಲಿ ಬರುವ ನೀರನ್ನು ಇನ್ನೊಮ್ಮೆ ನೆಲಕ್ಕೆ ಹುಯ್ಯುತ್ತೇನೆಂದರೆ ಬೀದಿಯವರು ನನ್ನನ್ನೇ ಹೂಳುತ್ತಿದ್ದರು. ಭಟ್ಟರು ಪ್ರಾಯಶ್ಚಿತ್ತ ಮಾಡಿಕೊಳ್ಳುವವರ ಹಾಗೆ ಮುಂದೆ ಬಂದರು.

"ಅಕ್ಕಿ ತೊಳೆದ ನೀರು ದಿನಾ ಚರಂಡಿಗೇ ಹೋಗುದಲ್ವಾ? ನಿನ್ನ ಗುಂಡಿ ದೇವರಿಗೆ ಆಗ್ತದಾ?"

"ಬೇಕಾದಷ್ಟು ಆಗ್ತದೆ."

ಮೀಟರಿನ ಮುಳ್ಳು ಒದ್ದೆಯಲ್ಲಿ ನಿಲ್ಲಬೇಕಾದಲ್ಲಿ ನಿಂತಿತು. ಮಾರನೆಯ ದಿನ, ಅದರ ಮಾರನೆಯ ದಿನವೂ ಅಲ್ಲೇ ನಿಂತಿತ್ತು. ನಾನು ಮೂರು ಹೊತ್ತೂ ಹೋಗಿ ನೋಡುತ್ತಿದ್ದೆ. ಹೋಟೆಲಿನವರು ನನಗೆ ಹೊಟ್ಟೆ ಸರಿಯಿಲ್ಲ, ಅದಕ್ಕೇ ಹಿತ್ತಲಿಗೆ ಓಡುತ್ತಾನೆ ಎಂದುಕೊಂಡರು.

ಉದ್ಘಾಟನೆಯ ಮಧ್ಯಾಹ್ನ ಮುದಲಾಳಿ ಬಂದರು. ಎಕ್ಸ್‌ಚೇಂಜಿಗೆ ಮಲ್ಲಿಗೆ ಮಾಲೆ, ಕುಂಕುಮ. ಸೀನಿಯರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಯಾವ ಭಾಷೆಯೂ ಇಲ್ಲದ ಮುಖದಲ್ಲಿ ನಿಂತಿದ್ದರು. ಎಲ್ಲರೂ ಡೇಟಾ ಲೈನಿನ ಯಂತ್ರದ ಸುತ್ತ ಸೇರಿದರು. ನಾನು ಕಿವಿಗೊಟ್ಟೆ. ಕೆಳಗಿನಿಂದ ಏನೂ ಸದ್ದಿಲ್ಲ. ತಟ್ಟೆಯ ಸದ್ದುಂಟು, "ಎರಡು ಕಾಫಿ" ಎನ್ನುವ ಕೂಗುಂಟು, ಗ್ರೈಂಡರ್ ಇಲ್ಲ.

ಮಾವ! ಒಳ್ಳೆಯತನ ಎಂಬುದು ಕೆಲವು ಸಲ ಗ್ರೈಂಡರಿಗಿಂತ ಹೆಚ್ಚು ತೊಂದರೆ ಕೊಡುತ್ತದೆ.

"ಒಂದು ನಿಮಿಷ ಸರ್" ಎಂದು ಮೆಟ್ಟಿಲಿಳಿದು ಓಡಿದೆ. ಅಡಿಗೆಮನೆಯಲ್ಲಿ ಅಕ್ಕಿ, ಉದ್ದು ನೆನೆದು ಕಾಯುತ್ತಿದ್ದವು. ಸ್ವಿಚ್ಚಿನ ಹತ್ತಿರ ಮಾವ ಕಾವಲಿಗೆ ನಿಂತಿದ್ದರು.

"ಮಾವ, ಗ್ರೈಂಡರ್ ಹಾಕಿ!"

"ನಿನಗೆ ಮರ್ಲಾ, ತಲೆ ಸರಿ ಇಲ್ವಾ? ಮೇಲೆ ಎಲ್ರೂ ಬಂದಿದ್ದಾರೆ."

"ಅದಕ್ಕೇ ಹಾಕಿ."

"ಈಗ ಎಂತಕ್ಕೆ ಮಾರಾಯ? ಅವರು ಹೋಗ್ಲಿ, ಮತ್ತೆ ಹಾಕುವ. ಏನಾದ್ರೂ ಹೆಚ್ಚುಕಡಿಮೆ ಆದ್ರೆ..."

"ಆದ್ರೆ ನಿಮ್ಮ ಮೆತ್ತೆ ಉಂಟಲ್ಲ."

ಮಾವ ನನ್ನನ್ನು ನೋಡಿದರು. ಅಂಗಿಯ ಮೇಲೆ ಇನ್ನೂ ಹೋಗದ ಇದ್ದಿಲಿನ ಕಲೆಯನ್ನೂ ನೋಡಿದರು. ಆಮೇಲೆ ದೇವರ ಪಟಕ್ಕೆ ಕೈಮುಗಿದು, ಕಣ್ಣು ಮುಚ್ಚಿ, ಸ್ವಿಚ್ಚು ಒತ್ತಿದರು. ಗೊರ್ರ್... ಗಡಕ್. ಭಟ್ಟರು ಒಂದು ಬೆರಳಿನಲ್ಲಿ ಗ್ರೈಂಡರನ್ನು ಮುಟ್ಟಿದರು. ಹಾರಲಿಲ್ಲ. ಇಡೀ ಕೈ ಇಟ್ಟರು.

ನಾನು ಮತ್ತೆ ಮೇಲೆ ಓಡಿ, ಏದುಸಿರು ಬಿಡುತ್ತ "ಈಗ ಮಾಡಿ ಸರ್" ಎಂದೆ. ಸೀನಿಯರ್ ನೆಲದ ಕಡೆಗೆ ತಲೆ ವಾಲಿಸಿ ಕೆಳಗಿನ ಸದ್ದನ್ನು ಕೇಳಿದರು. ಅವರಿಗೆ ಅರ್ಥವಾಯಿತು. ತುಟಿಯ ಒಂದು ಮೂಲೆ ಸ್ವಲ್ಪ ಮೇಲೆ ಹೋಯಿತು. ನಮ್ಮ ಕಂಪನಿಯಲ್ಲಿ ಅದನ್ನು ಶಹಭಾಸ್‌ಗಿರಿ ಎನ್ನುತ್ತಾರೆ.

ಟೈಪು ಮಾಡಿದರು. ಪಲ್ಲಾವರಂನ ಗುಮಾಸ್ತರು ಫೋನಿನಲ್ಲಿ ಕಾಗದ ನೋಡಿ ಓದಿ ಹೇಳಿದರು: ಸೇಲಂ. ಈರೋಡ್. ಹೊಸೂರು. ಮತ್ತೆ ಸೇಲಂ. ನಕ್ಷತ್ರವಿಲ್ಲ, ಬಾಣವಿಲ್ಲ. ಮುದಲಾಳಿ ತಲೆದೂಗಿದರು. ಆಪರೇಟರ್ ಅಕ್ಕ ರಿಸೀವರಿನಲ್ಲಿ ತಾವೊಮ್ಮೆ ಕೇಳಿ, ಹುಬ್ಬೇರಿಸಿ, ಅದನ್ನು ನನ್ನ ಕಿವಿಗೆ ಹಿಡಿದರು. ಗೊರಕೆ ಇರಲಿಲ್ಲ. ಗುಮಾಸ್ತರು ಉಸಿರಾಡುವುದು ಕೇಳಿಸಿತು. ಅದರ ಹಿಂದೆ, ಬಹಳ ದೂರದಲ್ಲಿ, ಗೋಡೌನಿನ ಮೇಲೆ ವಿಮಾನವೊಂದು ಇಳಿಯುವ ಸದ್ದು.

"ಏರೋಪ್ಲೇನ್ ಕೇಳುಸ್ತಾ ತಂಬಿ?"

"ಕೇಳಿಸ್ತು ಅಕ್ಕ."

"ಹಾಂ. ಈಗ ನೀ ಎಂಜಿನಿಯರು."

ನೌಕರಿ ಖಾಯಮಾಯಿತು. ಆಮೇಲೆ ಮ್ಯಾನೇಜರು ಒಂದು ಎಕ್ಸ್‌ಟೆನ್ಶನ್ ಹೋಟೆಲಿನ ಗಲ್ಲಾಕ್ಕೂ ಕೊಡಿ ಎಂದರು, ಕಾಫಿಗೆ ಪ್ರತಿ ಸಲ ಮೆಟ್ಟಿಲು ಇಳಿಯುವುದು ತಪ್ಪಲಿ ಎಂದು. ಆ ತಂತಿಯನ್ನು ನಾನೇ ಎಳೆದೆ. ಸಿಪ್ಪೆಯನ್ನು ಇಕ್ಕಳದಲ್ಲೇ ಸುಲಿದೆ. ಫೋನು ಕೂರಿಸಿ, ಪರೀಕ್ಷೆ ಮಾಡಲು ಮೊದಲ ಸಲ ಆ ಕೆಂಪು ಮೆತ್ತೆಯ ಮೇಲೆ ಕೂತು, ಆಪರೇಟರ್ ಅಕ್ಕನಿಗೆ ಡಯಲ್ ಮಾಡಿದೆ. ಅಷ್ಟು ದಿನವಾದರೂ ಅದರ ಮೇಲೆ ಯಾರೂ ಕೂತಿರಲಿಲ್ಲ. ಮಾವ ಪಕ್ಕದ ಮರದ ಸ್ಟೂಲಿನಲ್ಲೇ ಕೂತು ವ್ಯಾಪಾರ ಮಾಡುತ್ತಿದ್ದರು.

ಒಳಗಿನಿಂದ ಬಂದ ಮಾವ, ನಾನು ಗಲ್ಲಾದಲ್ಲಿ ಕೂತದ್ದನ್ನು ಕಂಡು ಹಾಲ್‌ನ ನಡುವೆ ನಿಂತುಬಿಟ್ಟರು.

"ಹೇಗುಂಟು?"

"ಭಾರೀ ಕ್ಲಿಯರಾಗಿ ಕೇಳ್ತದೆ ಮಾವ."

"ಫೋನಲ್ಲ ಮಾರಾಯ. ಮೆತ್ತೆ."

ನಾನು ಸ್ವಲ್ಪ ಅಲ್ಲಾಡಿ ನೋಡಿದೆ. "ಮೆತ್ತಗೆ, ಲಾಯ್ಕುಂಟು."

"ಹೌದಾ? ಹಾಗಾದ್ರೆ ಏಳು" ಎಂದರು ಮಾವ. "ನಾನು ಕೂತ್ಕೊಳ್ತೇನೆ."